ನಾಲ್ಕು ಎಳೆ

ಇವತ್ತು ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂದೇ ಒಂದನ್ನು ತೆಗೆದುಕೊಂಡೆ. ‘ನಿನ್ನ ತಂದೆತಾಯಿಗಳನ್ನು ಸನ್ಮಾನಿಸಬೇಕು.’ ಅಷ್ಟೇ.

ಇದು ಜರ್ಮನಿಯ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಹೇಳಿಕೊಟ್ಟ ದಾರಿ. ಪ್ರಾರ್ಥನೆ ಮಾಡೋದು ಹೇಗೆ ಅಂತ ತಮ್ಮ ಕ್ಷೌರಿಕ ಪೀಟರ್‌ಗೆ 1535ರಲ್ಲಿ ಬರೆದು ತಿಳಿಸಿದರು. ಒಂದೊಂದು ಆಜ್ಞೆಯನ್ನೂ ನಾಲ್ಕು ಎಳೆಯ ಹಾರದ ಹಾಗೆ ಹೆಣೆಯಬೇಕಂತೆ. ಇಲ್ಲಿ ದೇವರು ಏನು ಕಲಿಸುತ್ತಿದ್ದಾನೆ, ಯಾವುದಕ್ಕೆ ವಂದನೆ, ಯಾವುದಕ್ಕೆ ಕ್ಷಮೆ, ಆಮೇಲೆ ಬೇಡಿಕೆ.

ನಾನು ಎರಡನೇ ಎಳೆಯಲ್ಲೇ ನಿಂತುಬಿಟ್ಟೆ. ಅಮ್ಮ ನೆನಪಾದಳು. ಭಾನುವಾರ ಆರಾಧನೆಗೆ ಮುಂಚೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ನೀರು ಚಿಮುಕಿಸಿ, ನಮ್ಮ ಅಂಗಿಯ ಕಾಲರನ್ನು ಹಿಂದೆ ಮುಂದೆ ತಿರುಗಿಸಿ ಒತ್ತುತ್ತಿದ್ದಳು. ಬಿಳಿ ಬಟ್ಟೆ ಮೇಲೆ ಬೂದಿ ಬೀಳಬಾರದು ಅಂತ ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿ ಊದುತ್ತಿದ್ದಳು. ತನ್ನ ಸೀರೆ ಎಲ್ಲಕ್ಕಿಂತ ಕೊನೆಗೆ. ಅಷ್ಟೊತ್ತಿಗೆ ಕೆಂಡ ಆರಿರುತ್ತಿತ್ತು.

ಒಂದೊಂದನ್ನೂ ಬಿಡಿಸಿ ಹೇಳಿ ದೇವರಿಗೆ ವಂದನೆ ಸಲ್ಲಿಸಿದೆ. ಉಳಿದ ಎಳೆಗಳಿಗೆ ಹೋಗಲೇ ಇಲ್ಲ.

ಅದಕ್ಕೂ ಆ ಪತ್ರದಲ್ಲಿ ಜಾಗ ಇದೆ. ಒಳ್ಳೆ ಯೋಚನೆಗಳು ತುಂಬಿ ಬಂದರೆ ಮಿಕ್ಕಿದ್ದನ್ನು ಬಿಟ್ಟು ಸುಮ್ನೆ ಕೇಳಿಸಿಕೊಳ್ಳಿ, ಅಲ್ಲಿ ಮಾತಾಡುವುದು ಪವಿತ್ರಾತ್ಮ ಅನ್ನುತ್ತಾರೆ ಲೂಥರ್. ನನಗೆ ಇದೇ ಜಾಸ್ತಿ ಇಷ್ಟ. ಕ್ರಮ ಇದೆ, ಆದರೆ ಅದು ಕಟ್ಟಿಹಾಕುವುದಿಲ್ಲ, ಅಲ್ವಾ?

ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ ಅನ್ನುವವರು ಹೀಗೊಮ್ಮೆ ಮಾಡಿ ನೋಡಿ. ನಾಳೆ ನಾನು ‘ಕದಿಯಬಾರದು’ ತೆಗೆದುಕೊಳ್ಳುತ್ತೇನೆ. ನೀವು ಯಾವುದು ಹಿಡಿದಿರಿ ಅಂತ ಹೇಳಿ.