ಬರೀ ಭಾಷಣಕ್ಕೆ ಯಾಕ್ರೀ ದುಡ್ಡು?

ಯಾರದೋ ಆಪರೇಷನ್‌ಗೆ ದುಡ್ಡು ಬೇಕು ಅಂತ ವಾಟ್ಸಾಪಲ್ಲಿ ಫೋಟೋ ಬಂದ್ರೆ ಕೈಲಾದಷ್ಟು ಹಾಕ್ತೀವಿ, ಅದೇ ಸ್ಕೂಲುಗಳಿಗೆ ಹೋಗಿ ರೇಬೀಸ್, ಅಂದ್ರೆ ಹುಚ್ಚು ನಾಯಿ ಕಚ್ಚಿ ಬರೋ ರೋಗದ ಬಗ್ಗೆ ಹೇಳಿಕೊಡ್ತೀವಿ ಸ್ವಲ್ಪ ಸಹಾಯ ಮಾಡಿ ಅಂತ ಯಾವ್ದಾದ್ರೂ ಸಂಸ್ಥೆಯೋರು ಕೇಳಿದ್ರೆ 'ಬರೀ ಭಾಷಣಕ್ಕೆ ಯಾಕ್ರೀ ದುಡ್ಡು' ಅಂತೀವಿ. ಈ ಲೆಕ್ಕ ನಂಗಂತೂ ಉಲ್ಟಾ ಅನ್ಸುತ್ತೆ. ನೀರು ಕಂಡ್ರೆ ಗಂಟಲು ಹಿಡ್ಕೊಳ್ಳೋ ಹಂತಕ್ಕೆ ಬಂತು ಅಂದ್ರೆ ಎಷ್ಟು ಲಕ್ಷ ಕೂಡಿಸಿ ಕೊಟ್ರೂ ಉಳಿಯೋರು ಇಲ್ಲ ಅಂತಲೇ ಹೇಳ್ಬೇಕು, ಆದ್ರೆ ಕಚ್ಚಿದ ಕೂಡ್ಲೇ ನಲ್ಲಿ ಕೆಳಗೆ ಹಿಡಿದು ಸೋಪ್ ಹಾಕಿ 15 ನಿಮಿಷ ತೊಳೆದು ಅವತ್ತೇ ಲಸಿಕೆ ಶುರು ಮಾಡಿದ್ರೆ ತಪ್ಪಿಸಬಹುದಾದ ಸಾವು ಇದು. 15 ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಅಳೋ ಮಗುನ ಹಿಡ್ಕೊಂಡು ತೊಳೆದೋರಿಗೇ ಗೊತ್ತು.

ನಮ್ಮೂರ ಕಡೆ ಇವತ್ತಿಗೂ ಗಾಯಕ್ಕೆ ಸುಣ್ಣ ಮೆತ್ತೋರು, ಖಾರದಪುಡಿ ಒತ್ತೋರು ಇದ್ದಾರೆ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನೋ ಭಯ ಬೇರೆ. ಅದು ಕುರಿ ಮಿದುಳಿಂದ ಮಾಡ್ತಿದ್ದ ಹಳೇ ಲಸಿಕೆ, ನಿಂತು 20 ವರ್ಷದ ಮೇಲಾಯ್ತು, ಈಗ ತೋಳಿಗೆ ಹಾಕ್ತಾರೆ ಅಷ್ಟೇ. ಊರಲ್ಲಿ ಒಂದ್ಸಲ ಇಂಥದೇ ಒಂದು ಸಂಸ್ಥೆಯ ಹುಡುಗ್ರು ಬಂದು ಅರಳಿಕಟ್ಟೆ ಹತ್ರ ಇದನ್ನೆಲ್ಲ ಹೇಳ್ತಿದ್ರು, ಹಿಂದೆ ಕೂತಿದ್ದ ಅಜ್ಜಿ ಒಬ್ರು 'ನಾಯಿಮರಿ ಪರಚಿದ್ರೂ ಆಸ್ಪತ್ರೆಗೆ ಹೋಗ್ಬೇಕೇನಪ್ಪಾ?' ಅಂದ್ರು. ಹೂಂ ಅಜ್ಜಿ, ರಕ್ತ ಬರದಿದ್ರೂ ಹೋಗ್ಬೇಕು ಅಂದ ಆ ಹುಡುಗ. ಆಗ ಅಜ್ಜಿ ಪಕ್ಕದಲ್ಲಿದ್ದ ಮೊಮ್ಮಗನ ಕೈ ಎಳ್ಕೊಂಡು ತಿರುಗಿಸಿ ನೋಡೋಕೆ ಶುರು ಮಾಡಿದ್ರು. ಪೋಸ್ಟರ್ ಅಂಟಿಸಿ ಹೋದ್ರೆ ಇಂಥ ಪ್ರಶ್ನೆ ಯಾರು ಕೇಳ್ತಾರೆ ಹೇಳಿ?

ಗೋವಾ ನೋಡಿ. ಮಿಷನ್ ರೇಬೀಸ್ ಅನ್ನೋ ಸಂಸ್ಥೆ ಅಲ್ಲಿನ ಸರ್ಕಾರದ ಜೊತೆ ಸೇರ್ಕೊಂಡು ಬೀದಿ ನಾಯಿಗಳನ್ನ ಬಲೆ ಹಾಕಿ ಹಿಡಿದು ಲಸಿಕೆ ಹಾಕಿ ಬಣ್ಣದ ಗುರುತು ಮಾಡಿ ಬಿಡ್ತು, ಜೊತೆಜೊತೆಗೇ ಸ್ಕೂಲ್ ಸ್ಕೂಲಿಗೂ ಹೋಗಿ ಪಾಠ ಮಾಡ್ತು. 2021ರಲ್ಲಿ ಗೋವಾನ ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಿಸಿದ್ರು, ದೇಶದಲ್ಲೇ ಮೊದಲ ರಾಜ್ಯ ಅದು. ಹಂಗಂತ ಬರೀ ಮಾತಿಂದ ಆಯ್ತು ಅಂತಿಲ್ಲ, 100 ನಾಯಲ್ಲಿ 70ಕ್ಕಾದ್ರೂ ಲಸಿಕೆ ಆಗ್ಬೇಕು ಅಂತಾರೆ ತಿಳಿದೋರು.

ಹಾಗಾಗಿ ದುಡ್ಡು ಕೊಡೋ ಮುಂಚೆ ಸಂಸ್ಥೆಯೋರನ್ನ ನಾನು ಕೇಳೋದು ಇಷ್ಟು: ಕನ್ನಡದಲ್ಲಿ ಹೇಳ್ತೀರಾ, ಒಂದೇ ಸಲ ಬಂದು ಫೋಟೋ ತೆಗೆಸ್ಕೊಂಡು ಹೋಗೋದಾ ಇಲ್ಲ ಮತ್ತೆ ಬರ್ತೀರಾ, ಲಸಿಕೆ ಪೂರ್ತಿ ಮುಗಿಸದೆ ಎರಡು ಡೋಸ್ ಆದ್ಮೇಲೆ ಬಿಟ್ಟುಬಿಡೋರನ್ನ ಫೋನ್ ಮಾಡಿ ವಿಚಾರಿಸ್ತೀರಾ. ಟ್ಯಾಕ್ಸ್ ವಿನಾಯಿತಿಗೆ ರಸೀದಿ ಸಿಕ್ರೆ ಒಳ್ಳೇದೇ, ಅದು ಆಮೇಲಿನ ಮಾತು.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಲೂಯಿ ಪಾಶ್ಚರ್ ತೀರಿಕೊಂಡ ದಿನ. ನಮ್ಮ ಏರಿಯಾದ ಗಣೇಶನ ಚಂದಾದಲ್ಲಿ ಒಂದು ಪಾಲು ಇದಕ್ಕೆ ಎತ್ತಿಡೋಣ, ಪಕ್ಕದ ಸರ್ಕಾರಿ ಸ್ಕೂಲಲ್ಲಿ ಒಂದು ಕಾರ್ಯಕ್ರಮ ಮಾಡಿಸೋಣ ಅಂತ ಕಮಿಟೀಲಿ ಹೇಳಿದೀನಿ. ಆರ್ಕೆಸ್ಟ್ರಾ ಬೇಕು ಅನ್ನೋರೇ ಸದ್ಯಕ್ಕೆ ಜಾಸ್ತಿ ಇದ್ದಾರೆ, ಭಾನುವಾರ ಇನ್ನೊಂದು ಮೀಟಿಂಗ್ ಇದೆ.