ಅಕ್ಕಿಕಾಳಿನಷ್ಟು ಉಕ್ಕು

"ನಿನ್ನ ಹಲ್ಲಿಂದ ಒಂದು ಅಕ್ಕಿಕಾಳಿನಷ್ಟು ಕೊಡ್ತೀಯೇನವ್ವಾ? ಬಾಯಿ ಮುಚ್ಕೊಂಡ್ರೆ ಅದೂ ಯಾರಿಗೂ ಕಾಣಲ್ಲ."

ಮೊನ್ನೆ ಭಾನುವಾರ ದೊಡ್ಡಮ್ಮ ಹೀಗೆ ಕೇಳಿದಾಗ ಹಜಾರದಲ್ಲಿದ್ದವರೆಲ್ಲ ನಕ್ಕುಬಿಟ್ಟೆವು. ಆ ಹುಡುಗಿ ಮಾತ್ರ ನಗಲಿಲ್ಲ. ಅಣ್ಣನ ಮಗಳ ಗೆಳತಿ ಅವಳು, ಲೋಹಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ನಮ್ಮ ಮನೆಯ ಹಳೆಯ ಕತ್ತಿ ನೋಡೋಕೆ ಅಂತ ಬೆಂಗಳೂರಿಂದ ಮಧುಗಿರಿಯವರೆಗೆ ಬಸ್ಸಲ್ಲಿ ಬಂದಿದ್ದಳು. ಅವಳು ಕೇಳಿದ್ದು ಇಷ್ಟೇ: "ಅಜ್ಜಿ, ಹಿಡಿಯ ಒಳಗೆ ಹೋಗಿರೋ ಭಾಗದಿಂದ ಅಕ್ಕಿಕಾಳಿನಷ್ಟು ತೆಗೀತೀವಿ, ಹೊರಗೆ ಕಾಣೋದೇ ಇಲ್ಲ." ಅದಕ್ಕೆ ಬಂದ ಉತ್ತರ ಮೇಲಿನದು.

ಆಗ ನಕ್ಕಿದ್ದು ನಿಜ, ಆದರೆ ವಾರವಿಡೀ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇದೆ. ತಮಾಷೆಗೆ ಅಂದಿದ್ದಾ, ನಿಜವಾಗಿ ಕೇಳಿದ್ದಾ ಅಂತ ಇನ್ನೂ ಗೊತ್ತಾಗಿಲ್ಲ. ದೊಡ್ಡಮ್ಮನ ಮುಖ ನೋಡಿದರೆ ಯಾವತ್ತೂ ಗೊತ್ತಾಗಲ್ಲ.

ಕತ್ತಿಯ ಬಗ್ಗೆ ಹೇಳಬೇಕಾದ್ದು ಜಾಸ್ತಿ ಇಲ್ಲ. ದೇವರ ಕೋಣೆಯ ಗೋಡೆಯಲ್ಲಿ ಇರುತ್ತದೆ, ಆಯುಧ ಪೂಜೆಗೆ ಇಳಿಯುತ್ತದೆ. ಪಾಳೇಗಾರರ ಕಾಲದ್ದು ಅಂತ ಅಣ್ಣ ಹೇಳುತ್ತಾನೆ. ಅಣ್ಣ ಹೇಳಿದ್ದರಲ್ಲಿ ಅರ್ಧ ಕಳೆದೇ ಕೇಳಬೇಕು. ಹುಡುಗಿ ಮೊಬೈಲ್ ಟಾರ್ಚ್ ಹಾಕಿ ಹಿಡಿಯ ಹತ್ತಿರ ಬಗ್ಗಿ ನೋಡಿದಳು. ಅಲ್ಲಿ ಎರಡು ಬೆರಳಗಲದಲ್ಲಿ ಅಲೆಯಂಥ ಗೆರೆಗಳು, ತೀರಾ ಮಸುಕು. ನಾನು ಇಷ್ಟು ವರ್ಷ ನೋಡಿದ ಕತ್ತಿ, ಆ ಗೆರೆ ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ಉಳಿದ ಕಡೆ ಯಾಕಿಲ್ಲ ಅಂದರೆ, ಅಲ್ಲೆಲ್ಲ ಪ್ರತಿ ಮಹಾನವಮಿಗೂ ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. "ಹುಣಸೆಹುಳಿ ಅಂಥ ಕೆಟ್ಟದ್ದಲ್ಲ" ಅಂದಳು. ಹಳೆಯ ಕಾಲದಲ್ಲಿ ಕತ್ತಿಯ ಗೆರೆ ಎದ್ದು ಕಾಣಲಿ ಅಂತಲೇ ಆಮ್ಲ ಹಚ್ಚುತ್ತಿದ್ದರಂತೆ. ತಿನ್ನುತ್ತಿರುವುದು ಇಟ್ಟಿಗೆ ಪುಡಿ.

ಅಲ್ಲಿಗೆ ಲೆಕ್ಕ ಹಾಕಿ ನೋಡಿ. ತಿಕ್ಕಿ ತಿಕ್ಕಿ ಎಷ್ಟು ಅಕ್ಕಿಕಾಳು ಹೋಗಿದೆಯೋ. ಇದನ್ನ ದೊಡ್ಡಮ್ಮನ ಮುಂದೆ ಹೇಳುವ ಧೈರ್ಯ ಆ ಹುಡುಗಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಅವಳ ಅನುಮಾನ ಅದು ಮೂಸೆ ಉಕ್ಕು ಅಂತ. ನಮ್ಮ ಕಡೆ ಕಬ್ಬಿಣದ ಚೂರುಗಳನ್ನ ಮಣ್ಣಿನ ಮೂಸೆಗೆ ಹಾಕಿ, ಜೊತೆಗೆ ತಂಗಡಿ ಕಟ್ಟಿಗೆ, ಎಕ್ಕದ ಎಲೆ ಇಟ್ಟು, ಬಾಯಿ ಮೆತ್ತಿ, ಗಂಟೆಗಟ್ಟಲೆ ಕಾಯಿಸಿ ನಿಧಾನವಾಗಿ ಆರಲು ಬಿಡುತ್ತಿದ್ದರು. ಕಟ್ಟಿಗೆ, ಎಲೆಯಲ್ಲಿದ್ದ ಕಾರ್ಬನ್ ಕಬ್ಬಿಣಕ್ಕೆ ಸೇರಿ ಶೇಕಡ 1.5ರ ಸುತ್ತಮುತ್ತ ಆಗುತ್ತಿತ್ತು. ಸಾಮಾನ್ಯ ಉಕ್ಕಿನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ಫ್ರಾನ್ಸಿಸ್ ಬುಕನನ್ ಅನ್ನೋ ತಮ್ಮ ವೈದ್ಯನನ್ನ ಮೈಸೂರು ಸೀಮೆ ಸುತ್ತಲು ಕಳಿಸಿದರು. ಇಲ್ಲಿ ಕಬ್ಬಿಣ, ಉಕ್ಕು ಕಾಯಿಸುವುದನ್ನ ನಿಂತು ನೋಡಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದದ್ದನ್ನೂ ಬರೆದಿದ್ದಾನೆ. ನಮ್ಮೂರ ಸುತ್ತ ತಂಗಡಿ ಈಗಲೂ ಬೇಕಾದಷ್ಟು ಬೆಳೆಯುತ್ತದೆ. ಉಕ್ಕು ಮಾಡೋರು ಒಬ್ಬರೂ ಇಲ್ಲ.

ಹುಡುಗಿ ಹೋದ ಮೇಲೆ ನಾನು ಸುಮ್ನೆ ಕೂರಲಿಲ್ಲ, ಓದುತ್ತಾ ಹೋದೆ. ಓದಿದ್ದರಲ್ಲಿ ಒಂದು ಕಥೆ ಬಿಡದೆ ಹಿಡಿದುಕೊಂಡಿದೆ.

ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ಮೋಸರ್ ಅಂತ ಒಬ್ಬ ಸಾಹುಕಾರ, ಗಡಿಯಾರದ ಮನೆತನದವನು. ಮಧ್ಯ ಏಷ್ಯಾ ಸುತ್ತಿ ಸುತ್ತಿ ಆಯುಧಗಳನ್ನ ಕೂಡಿಹಾಕಿ, 1914ರಲ್ಲಿ ಬರ್ನ್ ನಗರದ ಮ್ಯೂಸಿಯಂಗೆ ಕೊಟ್ಟ. ಅದೇ ಮನುಷ್ಯ ನಾಲ್ಕು ಡಮಾಸ್ಕಸ್ ಕತ್ತಿ, ಅಂದರೆ ಮೂಸೆ ಉಕ್ಕಿನಿಂದ ಮಾಡಿದ, ಮೈಮೇಲೆ ಇಂಥದೇ ಅಲೆಗೆರೆ ಇರುವ ಕತ್ತಿ, ಜೊತೆಗೆ ಎರಡು ಬಾಕುಗಳನ್ನ ಚೊಕ್ಕೆ ಅನ್ನೋ ಲೋಹತಜ್ಞನ ಕೈಗಿಟ್ಟ. ಪರೀಕ್ಷೆ ಅಂದರೆ ಆಗ ಕತ್ತರಿಸುವುದೇ. ಚೊಕ್ಕೆ ಕತ್ತರಿಸಿದ, ನೋಡಿದ, 1924ರಲ್ಲಿ ಬರೆದ. ಓದುತ್ತಾ ನನಗೆ ಮೈ ಜುಮ್ ಅಂದಿದ್ದು ನಿಜ. ದೊಡ್ಡಮ್ಮ ಅಲ್ಲಿದ್ದಿದ್ದರೆ ಆಗ್ತಿದ್ದ ಗಲಾಟೆ ಬೇರೆ.

ಆದರೆ ಆ ತುಂಡುಗಳನ್ನ ಅವರು ಬಿಸಾಡಲಿಲ್ಲ. ಮ್ಯೂಸಿಯಂನಲ್ಲಿ ಇಟ್ಟುಕೊಂಡರು. ಎಷ್ಟೋ ವರ್ಷದ ಮೇಲೆ ಅಮೆರಿಕದಲ್ಲಿ ವೆರ್‌ಹೂವನ್ ಅನ್ನೋ ಪ್ರೊಫೆಸರ್ ಮತ್ತು ಪೆಂಡ್ರೆ ಅನ್ನೋ ಕಮ್ಮಾರ ಸೇರಿಕೊಂಡು ಆ ಗೆರೆಗಳ ಬೆನ್ನು ಹತ್ತಿದರು. ಪ್ರೊಫೆಸರ್ ಒಬ್ಬ ಕಮ್ಮಾರನ ಹೆಸರನ್ನ ತನ್ನ ಹೆಸರಿನ ಪಕ್ಕದಲ್ಲಿ ಹಾಕಿಕೊಂಡು ಪ್ರಬಂಧ ಬರೆಯುವುದು ನಮ್ಮ ಕಡೆ ಕಂಡದ್ದು ಕಡಿಮೆ, ಆ ಮನುಷ್ಯನ ಮೇಲೆ ಗೌರವ ಬಂತು. ಇವರಿಗೆ ಬರ್ನ್‌ನವರು ಅದೇ ಹಳೆಯ ನಾಲ್ಕು ಕತ್ತಿಗಳಿಂದ ಚಿಕ್ಕ ಚಿಕ್ಕ ತುಂಡು ಕೊಟ್ಟರು. 1998ರಲ್ಲಿ ಇವರು ಹೇಳಿದ್ದು: ಅದಿರಿನ ಜೊತೆ ತಾನಾಗೇ ಬಂದ ವೆನೇಡಿಯಂನಂಥ ಧಾತುಗಳು ಚೂರೇ ಚೂರು ಇದ್ದರೂ ಸಾಕು, ಕತ್ತಿಯನ್ನ ಮತ್ತೆ ಮತ್ತೆ ಕಾಯಿಸಿ ಬಡಿದಾಗ ಕಾರ್ಬೈಡ್, ಅಂದರೆ ಕಬ್ಬಿಣ ಕಾರ್ಬನ್ ಸೇರಿದ ಗಟ್ಟಿ ಕಣಗಳು, ಸಾಲುಗಟ್ಟಿ ನಿಲ್ಲುತ್ತದೆ, ಆ ಸಾಲುಗಳೇ ಹೊರಗೆ ಅಲೆಯಾಗಿ ಕಾಣುವುದು. ಈ ವಿದ್ಯೆ ಯಾಕೆ ನಿಂತುಹೋಯಿತು ಅನ್ನೋದಕ್ಕೂ ಅವರದೊಂದು ಊಹೆ ಇದೆ. ಅಂಥ ಅದಿರು ಸಿಗುವುದು ನಿಂತಿರಬೇಕು, ಮಗ ಅಪ್ಪನ ಹಾಗೇ ಬಡಿದರೂ ಗೆರೆ ಬಂದಿರಲಿಕ್ಕಿಲ್ಲ. ಇದನ್ನ ಓದಿದಾಗ ಹೊಟ್ಟೆ ಚುರುಕ್ ಅಂತು. ಏನು ತಪ್ಪಾಯಿತು ಅಂತ ಗೊತ್ತಾಗದೆ ಆ ಕಮ್ಮಾರ ಎಷ್ಟು ಸಲ ಕುಲುಮೆ ಹಚ್ಚಿರಬೇಕು ಅಲ್ವಾ.

ಮುಂದೆ ಅದೇ ಬರ್ನ್ ಸಂಗ್ರಹದ, 17ನೇ ಶತಮಾನದ ಒಂದು ಕತ್ತಿಯ ತುಂಡು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪೌಫ್ಲರ್ ತಂಡದ ಕೈಸೇರಿತು. ಅದರಲ್ಲಿ ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆ, ಕಂಡಿತು ಅಂತ ಅವರು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅಣ್ಣ ಇದನ್ನೇ 'ನಮ್ಮ ಪೂರ್ವಜರ ನ್ಯಾನೋ ತಂತ್ರಜ್ಞಾನ' ಅಂತ ವರ್ಷಕ್ಕೊಂದು ಸಲ ಕಳಿಸುತ್ತಾನೆ. ಪೂರ್ವಜರಿಗೆ ಬೆಂಕಿಯ ಬಣ್ಣ ನೋಡಿ ಶಾಖ ಹೇಳೋಕೆ ಬರ್ತಿತ್ತು, ಅದು ಸಾಲದಾ?

ನನ್ನ ತಲೆಯಲ್ಲಿ ಕೂತಿರುವುದು ನ್ಯಾನೋ ಅಲ್ಲ, ಆ ತುಂಡುಗಳು. 1924ರಲ್ಲಿ ಕತ್ತರಿಸಿದವನಿಗೆ ವೆನೇಡಿಯಂನ ಈ ಕೆಲಸ ಗೊತ್ತಿರಲಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆಗಿನ್ನೂ ಹುಟ್ಟೇ ಇರಲಿಲ್ಲ. ಆದರೂ ಯಾವ ತುಂಡು ಯಾವ ಕತ್ತಿಯದು ಅಂತ ಬರೆದಿಟ್ಟು, ಜೋಪಾನ ಮಾಡಿ, ಯಾರೋ ಮೂರು ತಲೆಮಾರು ಕಾದರು. ಆ ಹೆಸರಿಲ್ಲದ ಗುಮಾಸ್ತನಿಗೆ ಅರ್ಧ ಕೀರ್ತಿ ಹೋಗಬೇಕು. ನಾನು ನೋಡಿದ ಒಂದು ಮ್ಯೂಸಿಯಂನಲ್ಲಿ, ಹೆಸರು ಬೇಡ, ಒಂದು ಸಾಲು ಕತ್ತಿಗಳ ಕೆಳಗೆ 'ಕತ್ತಿಗಳು' ಅಂತ ಬರೆದಿತ್ತು. ಅಷ್ಟೇ. ಕಣ್ಣಿದ್ದವರಿಗೆ ಅದು ಕತ್ತಿ ಅಂತ ಗೊತ್ತಿಲ್ಲವೇನೋ.

ಇನ್ನು ಹಲ್ಲಿನ ವಿಷಯ. ದೊಡ್ಡಮ್ಮನಿಗೆ ಗೊತ್ತಿಲ್ಲದೆ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ವಿಜ್ಞಾನಿಗಳು ನಿಜವಾಗಿಯೂ ಹಲ್ಲು ಕೊರೆಯುತ್ತಾರೆ, ಸತ್ತವರದ್ದು. ಹಲ್ಲಿನ ಎನಾಮೆಲ್‌ನಲ್ಲಿರುವ ಸ್ಟ್ರಾನ್ಷಿಯಂ ನೋಡಿ ಆ ಮನುಷ್ಯ ಚಿಕ್ಕಂದಿನಲ್ಲಿ ಯಾವ ಸೀಮೆಯ ಅನ್ನ ನೀರು ತಿಂದು ಬೆಳೆದ ಅಂತ ಹೇಳುತ್ತಾರೆ. ಹರಿಯಾಣದ ರಾಖಿಗಢಿ ಅನ್ನೋ ಹರಪ್ಪ ಕಾಲದ ಊರಲ್ಲಿ 60ಕ್ಕೂ ಹೆಚ್ಚು ಮಾದರಿ ತೆಗೆದು ನೋಡಿದ ಮೇಲೆ, ಒಬ್ಬ ಹೆಂಗಸಿನ ಮೂಳೆಯಲ್ಲಿ ಮಾತ್ರ ಓದಲು ಆಗುವಷ್ಟು ಡಿಎನ್ಎ ಸಿಕ್ಕಿತು, ಕಿವಿಯ ಹತ್ತಿರದ ಗಟ್ಟಿ ಮೂಳೆ. 2019ರಲ್ಲಿ ಅದು ಪ್ರಕಟವಾದಾಗ ಟೀವಿಯಲ್ಲಿ, ಆರ್ಯರು ಹೊರಗಿನಿಂದ ಬಂದರೋ ಇಲ್ಲವೋ ಅನ್ನೋ ಜಗಳದ ಎರಡು ಕಡೆಯವರೂ ನಾವೇ ಗೆದ್ದೆವು ಅಂತ ಕೂಗಾಡಿದ್ದು ನೆನಪಿದೆ. ಆ ಹೆಂಗಸನ್ನ ಯಾರು ಕೇಳಿದರು, ಕೊಡ್ತೀಯೇನವ್ವಾ ಅಂತ? ಕೇಳೋಕೆ ಆಗಲ್ಲ, ಸರಿ. ನಾಲ್ಕು ಸಾವಿರ ವರ್ಷ ದಾಟಿದವಳು. ಆದರೆ ಕೇಳೋಕೆ ಆಗದಿದ್ದಾಗ ತೆಗೆದುಕೊಂಡವರ ಮೇಲೆ ಭಾರ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಆ ಹುಡುಗಿಯ ಮೇಲೆ ನನಗೆ ಒಳ್ಳೆಯ ಅಭಿಪ್ರಾಯ ಬಂದಿದ್ದು ಇಲ್ಲೇ. ನಾವೆಲ್ಲ ನಕ್ಕು ಮುಗಿಸಿದ ಮೇಲೆ ಅವಳು ನಿಧಾನಕ್ಕೆ, "ನನ್ನ ಹಲ್ಲು ತಗೊಂಡು ಏನು ಮಾಡ್ತೀರಿ ಅಂತ ಮೊದಲು ಕೇಳ್ತೀನಿ ಅಜ್ಜಿ, ಆಮೇಲೆ ಕೊಡ್ತೀನಿ" ಅಂದಳು. ದೊಡ್ಡಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಇನ್ನೊಂದು ಲೋಟ ಮಜ್ಜಿಗೆ ತಂದುಕೊಟ್ಟರು. ನಮ್ಮ ಮನೆಯಲ್ಲಿ ಅದು ದೊಡ್ಡ ಮಾತು.

ಕತ್ತರಿಸದೆ ನೋಡುವ ದಾರಿ ಇಲ್ಲವಾ ಅಂತ ಬಸ್ ಸ್ಟ್ಯಾಂಡ್‌ವರೆಗೆ ಬಿಡಲು ಹೋದಾಗ ಕೇಳಿದೆ. ಇದೆ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ, ಎಕ್ಸ್-ರೇ ಬಿಟ್ಟು ನೋಡುವಂಥದ್ದು, ಗನ್ ತರಹ ಇರುತ್ತದೆ, ಮುಟ್ಟಿಸಿದರೆ ಯಾವ ಯಾವ ಲೋಹ ಇದೆ ಅಂತ ಹೇಳುತ್ತದೆ. ಆದರೆ ಕಾರ್ಬನ್ ಹಗುರ ಧಾತು, ಅದಕ್ಕೆ ಕಾಣುವುದಿಲ್ಲ. ಮೂಸೆ ಉಕ್ಕೋ ಅಲ್ಲವೋ ಅನ್ನೋದೆಲ್ಲ ಕಾರ್ಬನ್ ಮೇಲೇ ನಿಂತಿರುವಾಗ ಇದರಿಂದ ಅರ್ಧ ಉತ್ತರ. ಇನ್ನೊಂದು ದಾರಿ, ನ್ಯೂಟ್ರಾನ್ ಅನ್ನೋ ಅಣುವಿನೊಳಗಿನ ಕಣಗಳನ್ನ ಕತ್ತಿಯೊಳಗೆ ಹಾಯಿಸಿ ನೋಡುವುದು. ಲಂಡನ್ನಿನ ವ್ಯಾಲೇಸ್ ಸಂಗ್ರಹದಲ್ಲಿರುವ ಭಾರತದ ಕತ್ತಿಗಳನ್ನ ಹೀಗೇ, ಒಂದು ಗೀರೂ ಬೀಳದಂತೆ, ಒಳಗಿನವರೆಗೆ ನೋಡಿದ್ದಾರೆ. ನಮ್ಮಲ್ಲಿ ನ್ಯೂಟ್ರಾನ್ ಬೇಕು ಅಂದರೆ ಟ್ರಾಂಬೆಯ ಧ್ರುವ ರಿಯಾಕ್ಟರ್ ಇದೆ. ದೇವರ ಕೋಣೆಯ ಕತ್ತಿಯನ್ನ ಅಣು ರಿಯಾಕ್ಟರಿಗೆ ಕಳಿಸೋಣ ಅಂತ ದೊಡ್ಡಮ್ಮನಿಗೆ ಹೇಳುವವರು ಯಾರು? ನಾನಂತೂ ಅಲ್ಲ.

ಗುರುವಾರ ದೊಡ್ಡಮ್ಮನಿಗೆ ಫೋನ್ ಮಾಡಿ ಗನ್ ತರಹದ್ದರ ಬಗ್ಗೆ ಮಾತ್ರ ಹೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ, "ತೆಗೆಯೋದು ಏನೂ ಇಲ್ಲ ತಾನೆ? ಹಾಗಾದ್ರೆ ಬರಲಿ. ಏನು ಸಿಕ್ತು ಅಂತ ಕನ್ನಡದಲ್ಲಿ ಬರೆದು ಕೊಡಬೇಕು" ಅಂದರು. ಈ ಷರತ್ತನ್ನ ಎಲ್ಲ ಸಂಶೋಧಕರಿಗೂ ಹಾಕಬೇಕು ಅನ್ನಿಸಿತು.

ಹುಡುಗಿ ಖುಷಿಯಾಗಿ ಒಪ್ಪಿದ್ದಾಳೆ, ಮುಂದಿನ ತಿಂಗಳು ಬರುತ್ತಾಳೆ. ನಾನೂ ಅವಳಿಗೆ ಒಂದು ಷರತ್ತು ಹಾಕಿದ್ದೇನೆ. 2023ರಲ್ಲಿ ಲಂಡನ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿ 1.4 ಕೋಟಿ ಪೌಂಡ್‌ಗೆ ಹೋದಾಗಿನಿಂದ ಅಣ್ಣ ನಮ್ಮ ಕತ್ತಿಯನ್ನ ನೋಡುವ ರೀತಿಯೇ ಬದಲಾಗಿದೆ. ಹಾಗಾಗಿ ವರದಿ ಬಂದರೆ ಮೊದಲು ದೊಡ್ಡಮ್ಮನ ಕೈಗೆ, ಫ್ಯಾಮಿಲಿ ಗ್ರೂಪಿಗೆ ಬೇಡ ಅಂದಿದ್ದೇನೆ.