ಮುಕ್ತಿನಾಥದಲ್ಲಿ ಸಾಲಿಗ್ರಾಮ ಕೊಳ್ಳುವ ಮುನ್ನ

ನೇಪಾಳದ ಮುಕ್ತಿನಾಥ ದೇವಸ್ಥಾನದ ದಾರಿಯ ಅಂಗಡಿಗಳಲ್ಲಿ ಎರಡು ಬಗೆಯ ಮೋಸ ನಡೆಯುತ್ತದೆ. ಒಂದು, ರೂಪಾಯಿಯದು. ‘ಎರಡು ಸಾವಿರ’ ಅಂದರೆ ಎನ್‌ಸಿಯೋ ಐಸಿಯೋ, ಅಂದರೆ ನೇಪಾಳಿ ರೂಪಾಯಿಯೋ ಭಾರತದ್ದೋ ಎಂದು ಮೊದಲೇ ಕೇಳಿ. ನಮ್ಮ 100 ರೂಪಾಯಿಗೆ ಅಲ್ಲಿಯ 160. ಕೇಳದಿದ್ದರೆ ಒಂದೂವರೆ ಪಟ್ಟಿಗಿಂತ ಹೆಚ್ಚು ತೆತ್ತು ಬರುತ್ತೀರಿ.

ಇನ್ನೊಂದು, ಕಲ್ಲಿನದು. ಸಾಲಿಗ್ರಾಮದ ಚಕ್ರವೆಂದರೆ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಅಸಲಿಯಲ್ಲಿ ಸಾಮಾನ್ಯವಾಗಿ ಸುರುಳಿಯ ಒಳಗಿನಿಂದ ಹೊರಟ ಏಣು ಹೊರ ಅಂಚಿನ ಹತ್ತಿರ ಕವಲೊಡೆದು ಎರಡಾಗುತ್ತದೆ. ಕೆತ್ತಿದ್ದರಲ್ಲಿ ಗೀರುಗಳು ಒಂದೇ ಆಳದಲ್ಲಿ, ಕವಲಿಲ್ಲದೆ ನೇರ ಓಡುತ್ತವೆ. ಒದ್ದೆ ಕರವಸ್ತ್ರದಿಂದ ಉಜ್ಜಿ ನೋಡಿ, ಕಪ್ಪು ಬಿಟ್ಟರೆ ಅಂಥ ಕಲ್ಲು ಬೇಡ.

ನೀವೇ ಹುಡುಕಿ ನೋಡುವ ಆಸೆಯಿದ್ದರೆ ಜನಜಂಗುಳಿ ಬಿಟ್ಟು ಕೆಳಗಿನ ಹಳ್ಳಿ ಕಾಗ್‌ಬೇನಿಯ ಕಾಳಿಗಂಡಕಿ ನದಿ ದಂಡೆಗೆ ಹೋಗಿ. ಮಳೆಗಾಲದ ಪ್ರವಾಹ ಹೊಸ ಕಲ್ಲು ತಂದು ಹಾಕಿರುತ್ತದೆ. ದಸರಾ ಕಳೆದು ನೀರು ಇಳಿದಾಗ ಹುಡುಕುವುದು ಸುಲಭ. ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಆಮೇಲೆ ಧವಳಗಿರಿ–ಅನ್ನಪೂರ್ಣದ ನಡುವಿನ ಕಣಿವೆಯಲ್ಲಿ ಎದ್ದ ಗಾಳಿ ಕಣ್ಣಿಗೆ ಮರಳು ತುಂಬುತ್ತದೆ. ಮನೆಗೆ ತರುವುದಾದರೆ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಚೆಕ್‌ಪೋಸ್ಟ್‌ನಲ್ಲಿ ಕೇಳಿಯೇ ತನ್ನಿ.

ಈ ಕಲ್ಲುಗಳು ಸ್ಪಿತಿ ಶೇಲ್ ಎಂಬ ಕಪ್ಪು ಪದರದವು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅದು ಹಿಮಾಲಯ ಏಳುವ ಮುನ್ನ ಅಲ್ಲಿದ್ದ ಟೆಥಿಸ್ ಸಮುದ್ರದ ತಳದ ಕೆಸರು. ಆಮ್ಲಜನಕ ಕಡಿಮೆಯಿದ್ದ ಆ ಕೆಸರಿನಲ್ಲಿ ಸತ್ತ ಜೀವಿ ಬೇಗ ಕೊಳೆಯದೆ, ಸುತ್ತ ಸುಣ್ಣದಂಶ ಗಟ್ಟಿಯಾಗಿ ಉಂಡೆ ಕಟ್ಟಿತು. ಇಲ್ಲಿಯ ವಿರ್ಗಾಟೊಸ್ಫಿಂಕ್ಟಿಸ್ ಎಂಬ ಅಮೋನೈಟ್ ಕಛ್‌ನಲ್ಲೂ ಮಡಗಾಸ್ಕರ್‌ನಲ್ಲೂ ಸಿಗುತ್ತದೆ. ಬ್ಲಾನ್‌ಫೋರ್ಡಿಸೆರಾಸ್ ಎಂಬ ಇನ್ನೊಂದು ಬಗೆ ಅಂಟಾರ್ಕ್ಟಿಕಾದವರೆಗೂ ಹರಡಿದೆ. ಈ ಜಾಗಗಳೆಲ್ಲ ಆಗ ಗೊಂಡ್ವಾನಾ ಎಂಬ ಹಳೆಯ ಮಹಾಖಂಡದ ಅಂಚಿನ ಕಡಲುಗಳು.

ಕೆಲವು ಕಲ್ಲುಗಳಲ್ಲಿ ಚಿನ್ನದ ಮಿನುಗು ಕಾಣುತ್ತದೆ. ಅದು ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜ. ತೇವ ತಾಗಿದರೆ ಬಿಳಿ ಪುಡಿ ಉದುರಿ ಬಿರಿಯುತ್ತದೆ. ತೇವದ ಹವೆಯ ಉಡುಪಿ ಕಡೆಯವರು ಅಭಿಷೇಕದ ನಂತರ ಪೂರ್ತಿ ಒರೆಸಿ, ಒಣಗಿಸಿಯೇ ಸಂಪುಷ್ಟದಲ್ಲಿ (ದೇವರ ಪೆಟ್ಟಿಗೆಯಲ್ಲಿ) ಇಡಬೇಕು.

ಪೋಖರಾದಿಂದ ಹೋಗುವಾಗ ಬೇನಿ ಪಟ್ಟಣ ದಾಟಿದ ಮೇಲೆ ಬಸ್ಸಿನ ಹಿಂದಿನ ಸೀಟು ಬೇಡವೇ ಬೇಡ, ಸೊಂಟ ಹಿಡಿಯುತ್ತದೆ. ಮುಕ್ತಿನಾಥ 3,700 ಮೀಟರ್ ಎತ್ತರದಲ್ಲಿದೆ. ದಾರಿಯ ಮಾರ್ಫಾ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿದರೆ ತಲೆನೋವಿನ ಕಾಟ ಕಡಿಮೆ. ಊಟಕ್ಕೆ ಅಲ್ಲಿಯ ಥಕಾಲಿ ಜನರ ಸಣ್ಣ ಅಡುಗೆಮನೆಗಳೇ ಸಾಕು. ಕಂಚಿನ ತಟ್ಟೆಯಲ್ಲಿ ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ. ಕೇಳಿದಷ್ಟು ಸಲ ಬಡಿಸುತ್ತಾರೆ, ಮತ್ತೆ ದುಡ್ಡಿಲ್ಲ. ಅನ್ನದ ಬದಲು ಫಾಪರ್ (ಬಕ್‌ವೀಟ್) ಹಿಟ್ಟಿನ ಢಿಂಡೊ ಕೇಳಿ, ಥೇಟ್ ನಮ್ಮ ಮುದ್ದೆ. ಬಿಸಿಯಿರುವಾಗಲೇ ಮುರಿದು ಬೇಳೆಯಲ್ಲಿ ಅದ್ದಿ ನುಂಗಬೇಕು.